ಬಾಯಿಬಡುಕಿಯ ಬ್ರ್ಯಾಂಡು

ಆ ಕಂಪನಿಗೆ ಹೊಸಬರು ಯಾರೇ ಬಂದು ಇಲ್ಲಿ ನಿಜವಾದ ಇಂಜಿನಿಯರ್ ಯಾರು ಎಂದು ವಿಚಾರಿಸಿದರೂ ಎಲ್ಲರ ಬೆರಳು ಕಿಟಕಿ ಪಕ್ಕದ ಮೂಲೆಯತ್ತಲೇ ಹೋಗುತ್ತಿತ್ತು. ಅಲ್ಲಿ ತಪಸ್ವಿ ಕೂತಿರುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದನ್ನು ಕಚೇರಿಯವರು ಎಂದೋ ಮರೆತಿದ್ದರು. ಬಾಚದ ತಲೆ, ಮಾಸಲು ಅಂಗಿ, ಕಿವಿ ಮುಚ್ಚುವಂಥ ದಪ್ಪ ಹೆಡ್‌ಫೋನು. ಬೆಳಗ್ಗೆ ಕೂತನೆಂದರೆ ಸಂಜೆವರೆಗೂ ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಸಭೆಯಲ್ಲಿ ಅವನ ಅಭಿಪ್ರಾಯ ಕೇಳಿದರೆ ಮೇಲೆ ಚಾವಣಿ ನೋಡಿ, ಗಡ್ಡ ಕೆರೆದುಕೊಂಡು, "ನೋಡ್ಬೇಕು" ಎನ್ನುತ್ತಿದ್ದ. ಆ ಒಂದು ಮಾತಿನ ಆಳ ಎಷ್ಟಿರಬಹುದೆಂದು ಉಳಿದವರು ಊಟದ ಹೊತ್ತಿನವರೆಗೂ ಚರ್ಚಿಸುತ್ತಿದ್ದರು.

ಅದೇ ಕಚೇರಿಯಲ್ಲಿ ಒಬ್ಬ ಹೆಂಗಸೂ ಇದ್ದಳು, ಅವಳು ಕೂರುತ್ತಿದ್ದದ್ದು ಬಾಗಿಲ ಪಕ್ಕ. ಅವಳಿಗೆ ಕಚೇರಿಯಿಟ್ಟ ಹೆಸರು ಬಾಯಿಬಡುಕಿ, ಅದನ್ನು ಎದುರಿಗೇ ಹೇಳುವಷ್ಟು ಸಲಿಗೆಯೂ ಎಲ್ಲರಿಗಿತ್ತು. ಇಸ್ತ್ರಿ ಮಾಡಿದ ಬಟ್ಟೆ ಹಾಕುವಳು, ಕಂಡವರನ್ನೆಲ್ಲ ನಿಲ್ಲಿಸಿ ಮಾತಾಡಿಸುವಳು, ಯಾರ ಮಗುವಿಗೆ ಹಲ್ಲು ಬಂತು, ಯಾರ ಅತ್ತೆಗೆ ಮಂಡಿನೋವು ಎಂಬುದೆಲ್ಲ ಅವಳ ನಾಲಿಗೆ ತುದಿಯಲ್ಲಿ. ಇಂಥವಳು ಇಂಜಿನಿಯರ್ ಎಂದರೆ ಯಾರು ತಾನೇ ನಂಬುತ್ತಾರೆ? ಬಂದ ಗಿರಾಕಿಗಳು ಅವಳ ಕೈಗೆ ಒದ್ದೆ ಛತ್ರಿ ಕೊಟ್ಟು, ತಾಂತ್ರಿಕ ವಿಭಾಗದವರನ್ನು ಕರೆಯಿರಿ ಎನ್ನುತ್ತಿದ್ದರು. ಛತ್ರಿ ಮಡಚಿಟ್ಟು, ಕೈ ಒರೆಸಿಕೊಂಡು, ಹೇಳಿ, ನಾನೇ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು.

ಕಂಪನಿಯದು ಲ್ಯಾಬುಗಳಿಂದ ಆಸ್ಪತ್ರೆಗಳಿಗೆ ರಕ್ತಪರೀಕ್ಷೆಯ ವರದಿ ಕಳಿಸುವ ತಂತ್ರಾಂಶ. ಕಳಿಸುವ ಭಾಗವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೆದವಳು ಅವಳೇ. ಅದನ್ನು ಮೊದಲ ಬಾರಿ ತೋರಿಸಿದ ದಿನ ಗಿರಾಕಿಗಳು ಬೆರಗಾಗಿ ಎದ್ದು ಹೋಗಿ ತಪಸ್ವಿಯ ಕೈ ಕುಲುಕಿದರು. ಅವನು ಗಾಬರಿಯಿಂದ "ನೋಡ್ಬೇಕು" ಎಂದ. ಎಂಥ ಸರಳ ಮನುಷ್ಯ ಎಂದು ಅವರು ಇನ್ನೊಮ್ಮೆ ಕುಲುಕಿದರು.

ಆ ಕಚೇರಿಗೆ ಒಂದು ಚಾಳಿಯಿತ್ತು. ಸರ್ವರಿನೊಳಕ್ಕೆ ಹೋಗಲು ಎಲ್ಲರೂ ಬಳಸುತ್ತಿದ್ದದ್ದು ಒಂದೇ ಖಾತೆ, ಒಂದೇ ಪಾಸ್‌ವರ್ಡು. ಒಳಗೆ ಯಾರು ಏನನ್ನು ಮುರಿದರೂ ದಾಖಲೆಯಲ್ಲಿ ಕಾಣುವುದು ಒಂದೇ ಹೆಸರು, 'ನಿರ್ವಾಹಕ'. ಒಬ್ಬೊಬ್ಬರಿಗೆ ಒಂದೊಂದು ಖಾತೆ ಕೊಡಿ ಎಂದು ಅವಳು ಸಭೆ ಸಭೆಯಲ್ಲೂ ಬಡಿದುಕೊಂಡಿದ್ದಳು. ಬಾಯಿಬಡುಕಿ ಇನ್ನೇನು ತಾನೇ ಮಾಡುತ್ತಾಳೆ ಎಂದು ಎಲ್ಲರೂ ನಕ್ಕಿದ್ದರು. ಹೀಗಾಗಿ ಏನಾದರೂ ಕೆಟ್ಟರೆ ಯಾರ ಕೈವಾಡವೆಂದು ಕಂಪ್ಯೂಟರಿನಲ್ಲಿ ಹುಡುಕಿ ಪ್ರಯೋಜನವಿರಲಿಲ್ಲ. ಅವಳು ಲೋಟ ಹಿಡಿದು ನೀರಿನ ಯಂತ್ರದ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಮಗುವಿನ ಹಲ್ಲು, ಅತ್ತೆಯ ಮಂಡಿ ಎಲ್ಲ ಮುಗಿದ ಮೇಲೆ ಎದುರಿಗಿದ್ದವರು ಒಮ್ಮೆ ಗಂಟಲು ಸರಿಮಾಡಿಕೊಂಡು, ನಿನ್ನೆ ನಾನೊಂದು ಚೂರು ಕೈಯಾಡಿಸಿದ್ದೆ, ಅದರಿಂದೇನಾದರೂ ಆಗಿರಬಹುದಾ ಎಂದು ಕೇಳುತ್ತಿದ್ದರು. ಅವಳು ಹೋಗಿ ಸರಿಮಾಡಿ, ವರದಿಯಲ್ಲಿ 'ಒಂದು ಸೆಟ್ಟಿಂಗ್ ತಪ್ಪಿತ್ತು' ಎಂದಷ್ಟೇ ಬರೆಯುತ್ತಿದ್ದಳು. ಊರ ಸುದ್ದಿಯೆಲ್ಲ ಹೇಳುವವಳು ಈ ಹೆಸರುಗಳನ್ನು ಮಾತ್ರ ಗಂಡನೆದುರೂ ಬಾಯಿಬಿಟ್ಟವಳಲ್ಲ. ತಪ್ಪೊಪ್ಪಿಕೊಳ್ಳಲು ಬರುತ್ತಿದ್ದವರಲ್ಲಿ ತಪಸ್ವಿಯೂ ಇದ್ದ. ಅವನಿಗೆ ಹಲ್ಲು ಮಂಡಿಗಳ ಪೀಠಿಕೆ ಬೇಕಿರಲಿಲ್ಲ, ನೆಲ ನೋಡುತ್ತ ಒಂದೇ ವಾಕ್ಯ ಹೇಳಿ ಓಡುತ್ತಿದ್ದ.

ಮುಖ್ಯ ಇಂಜಿನಿಯರ್ ಕೆಲಸ ಬಿಟ್ಟು ಹೊರಟಾಗ ಆ ಜಾಗ ತನಗೇ ಸಿಗಬೇಕೆಂದು ಅವಳಿಗೆ ಆಸೆಯಾಯಿತು. ಆಸೆ ಎನ್ನುವುದು ಸಣ್ಣ ಮಾತು, ಹೊಟ್ಟೆಯೊಳಗೆ ಉರಿಯಿತ್ತು. ತಾನು ಬರೆದದ್ದನ್ನು ತಾನೇ ಬರೆದದ್ದು ಎಂದು ಜನ ಒಮ್ಮೆಯಾದರೂ ಒಪ್ಪಲಿ ಎನ್ನುವ ಉರಿ. ನಿರ್ದೇಶಕರ ಬಳಿ ಹೋಗಿ ಕೇಳಿದಳು. ಆ ಮನುಷ್ಯ ಮೃದುಭಾಷಿ, ಬೈಯುವುದಿದ್ದರೂ ಬೆನ್ನು ಸವರಿಯೇ ಬೈಯುವವರು. ನಿಮ್ಮಂಥವರು ಜನರ ಮಧ್ಯೆ ಇರಬೇಕು ಎಂದರು. ತಾಂತ್ರಿಕ ಹುದ್ದೆಗೆ ಒಂದು ತೂಕ ಬೇಕಾಗುತ್ತದೆ ಎಂದರು. ಆದರೂ ಅರ್ಜಿ ಹಾಕಿ, ಯಾರು ಬೇಡ ಅಂದರು ಎಂದರು.

ಅವಳು ನೆಟ್ಟಗೆ ಅಕ್ಕನ ಮನೆಗೆ ಹೋಗಿ ಅತ್ತಳು. ಅಕ್ಕ ಸಮಾಧಾನ ಮಾಡುವ ಮೊದಲೇ ಭಾವ ಒಳಕೋಣೆಯಿಂದ ಬಂದರು.

ಭಾವ ಆ ಕಾಲಕ್ಕೆ ವೈಯಕ್ತಿಕ ಬ್ರ್ಯಾಂಡಿಂಗ್ ಗುರುಗಳಾಗಿದ್ದರು. ಅದಕ್ಕೆ ಮುಂಚೆ ನೀರು ಸೋಸುವ ಯಂತ್ರ ಮಾರುತ್ತಿದ್ದರು, ಅದಕ್ಕೂ ಮುಂಚೆ ಏನು ಮಾಡುತ್ತಿದ್ದರೆಂದು ಅಕ್ಕನಿಗೂ ಸರಿಯಾಗಿ ತಿಳಿಯದು. ಈಗ ಮನೆಯ ಮುಂದಿನ ಕೋಣೆಗೆ ಬಿಳಿ ಬೋರ್ಡು, ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ ಬಂದಿದ್ದವು. ಕಂಪ್ಯೂಟರಿನವರು ಕೆಲಸ ಬಲ್ಲರು, ತಮ್ಮನ್ನು ಮಾರಿಕೊಳ್ಳಲು ಅರಿಯರು ಎಂಬುದು ಅವರ ಸಿದ್ಧಾಂತ. ನಾದಿನಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೋರುವ ನಲ್ಲಿ ನೋಡುವ ಹಾಗೆ ನೋಡಿದರು.

"ನೋಡು ಪುಟ್ಟಿ, ಜನರ ತಲೇಲಿ ಇಂಜಿನಿಯರ್ ಅಂದ್ರೆ ಒಂದು ಚಿತ್ರ ಇದೆ. ಅದನ್ನ ಬದಲಾಯಿಸೋಕೆ ಹೋದ್ರೆ ನಿನ್ನ ಆಯುಷ್ಯ ಸಾಲಲ್ಲ. ಆ ಚಿತ್ರದೊಳಗೆ ನೀನೇ ಹೋಗಿ ಕೂತ್ಕೋ. ಮೊದಲು ಬಾಯಿ ಮುಚ್ಚು."

ಅವಳು ಏನೋ ಹೇಳಲು ಹೋದಳು. ಭಾವ ಬೆರಳೆತ್ತಿದರು. ಇದೇ ಮೊದಲ ಪಾಠ ಎಂದರು.

ಉಳಿದ ಪಾಠಗಳೂ ಹೀಗೇ ಇದ್ದವು. ನಗಬಾರದು, ನಕ್ಕರೆ ಹಲ್ಲು ಕಾಣಬಾರದು. ಇಸ್ತ್ರಿಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಕು. ಯಾರಾದರೂ ಪ್ರಶ್ನೆ ಕೇಳಿದರೆ ಮೂರು ಉಸಿರು ಬಿಟ್ಟು ಆಮೇಲೆ ಉತ್ತರಿಸಬೇಕು, ಅದೂ ಅರ್ಧ. ಹೆಡ್‌ಫೋನು ಕಡ್ಡಾಯ, ಹಾಡು ಐಚ್ಛಿಕ. ಅಂತರ್ಜಾಲದಲ್ಲಿ ಹಾಕುವ ಫೋಟೋದಲ್ಲಿ ಕ್ಯಾಮೆರಾ ನೋಡದೆ ದೂರದ ಗೋಡೆ ನೋಡಬೇಕು, ಆ ಗೋಡೆಯ ಮೇಲೆ ಇತರರಿಗೆ ಕಾಣದ್ದೇನೋ ತನಗೆ ಕಾಣುತ್ತಿದೆ ಎಂಬ ಮುಖಭಾವವಿರಬೇಕು. ಫೋಟೋ ಭಾವನೇ ತೆಗೆದರು. ಗೋಡೆಯ ಮೇಲೆ ಅವಳಿಗೆ ಕಂಡದ್ದು ಅಕ್ಕ ಒಣಗಹಾಕಿದ್ದ ಕೈಚೀಲ.

ಅಭ್ಯಾಸ ಮನೆಯಿಂದಲೇ ಶುರುವಾಯಿತು. ಮೂರು ಉಸಿರು, ಅರ್ಧ ಉತ್ತರ. ಹೆಂಡತಿ ತನ್ನ ಮೇಲೆ ಮುನಿಸಿಕೊಂಡಿದ್ದಾಳೆಂದು ತಿಳಿದ ಗಂಡ ಮೊದಲ ದಿನ ಪಾತ್ರೆ ತೊಳೆದ. ಎರಡನೆಯ ದಿನ ಬಟ್ಟೆ ಒಗೆದ. ಮೂರನೆಯ ದಿನ ಎದುರಿಗೆ ಬಂದು ನಿಂತು, ಅವಳ ಚಿಕ್ಕಪ್ಪ ಉಡುಗೊರೆ ಕೊಟ್ಟಿದ್ದ ಕೈಗಡಿಯಾರ ಬಸ್ಸಿನಲ್ಲಿ ಕಳೆದುಹೋದದ್ದು ನಿಜ, ರಿಪೇರಿಗೆ ಕೊಟ್ಟಿದ್ದೇನೆ ಎಂದದ್ದು ಸುಳ್ಳು ಎಂದು ತಾನಾಗಿಯೇ ಒಪ್ಪಿಕೊಂಡ. ಅವಳಿಗೆ ಗಡಿಯಾರದ ಯೋಚನೆಯೇ ಇರಲಿಲ್ಲ. ಮಾತಾಡಿದರೆ ವ್ರತಭಂಗವಾದೀತೆಂದು ಸುಮ್ಮನೆ ತಲೆಯಾಡಿಸಿದಳು, ಆ ತಲೆಯಾಡಿಸಿದ ರೀತಿಗೆ ಅವನು ಇನ್ನಷ್ಟು ಹೆದರಿದ.

ಕಚೇರಿಯಲ್ಲಿ ಫಲ ಬೇಗ ಸಿಕ್ಕಿತು. ಮೊದಲೆರಡು ದಿನ ಮೈ ಹುಷಾರಿಲ್ಲವಾ ಎಂದು ಕೇಳಿದರು. ಆಮೇಲೆ ಕೇಳುವುದು ಬಿಟ್ಟರು. ಆಮೇಲೆ ಅವಳ ಮೇಜಿನ ಪಕ್ಕ ಹಾದುಹೋಗುವಾಗ ಮೆಲ್ಲಗೆ ಹೆಜ್ಜೆ ಇಡತೊಡಗಿದರು. ಒಂದು ಸಭೆಯಲ್ಲಿ ನಿರ್ದೇಶಕರು ಏನೋ ಕೇಳಿದಾಗ ಅವಳು ಚಾವಣಿ ನೋಡಿ, ಮೂರು ಉಸಿರು ಬಿಟ್ಟು, "ಕಷ್ಟ ಇದೆ" ಎಂದಳು. ಕೋಣೆಯಿಡೀ ಗಂಭೀರವಾಯಿತು. ಅದೇ ವಿಷಯವನ್ನು ಹಿಂದಿನ ತಿಂಗಳು ಅರ್ಧ ಗಂಟೆ ಬಿಡಿಸಿ ಹೇಳಿದ್ದಾಗ ಇದೇ ನಿರ್ದೇಶಕರು ಫೋನು ನೋಡುತ್ತ ಕೂತಿದ್ದರು. ಈಗ ಅವಳನ್ನು ಕಂಡರೆ ಅವರ ದನಿ ತಾನಾಗಿ ಇಳಿಯುತ್ತಿತ್ತು. ಅವಳ ಛತ್ರಿ ಸೇವೆಯೂ ನಿಂತಿತು.

ನಿಂತದ್ದು ಅದೊಂದೇ ಅಲ್ಲ. ನೀರಿನ ಯಂತ್ರದ ಹತ್ತಿರ ಅವಳು ಬಂದರೆ ಉಳಿದವರು ದಾರಿ ಬಿಟ್ಟು ಸರಿಯತೊಡಗಿದರು. ಯಾರೂ ಗಂಟಲು ಸರಿಮಾಡಿಕೊಳ್ಳಲಿಲ್ಲ. ಸಣ್ಣಪುಟ್ಟ ದೋಷಗಳು ಯಾರ ಕೈಯಿಂದ ಆದವೆಂದು ತಿಳಿಯದೆ ಹಾಗೇ ಉಳಿಯುತ್ತಿದ್ದವು. ಅವಳಿಗೆ ಅದು ಗೊತ್ತಾಗುತ್ತಿತ್ತು, ಮನಸ್ಸು ಚುರುಕ್ ಎನ್ನುತ್ತಿತ್ತು. ಹುದ್ದೆ ಕೈಗೆ ಬರಲಿ, ಆಮೇಲೆ ಎಲ್ಲರನ್ನೂ ಬಾಯ್ತುಂಬ ಮಾತಾಡಿಸಿದರಾಯಿತು ಎಂದು ಹಲ್ಲುಕಚ್ಚಿ ಕೂತಳು.

ಕೊನೆಗೆ ಉಳಿದವರು ಇಬ್ಬರು, ಅವಳು ಮತ್ತು ತಪಸ್ವಿ. ಸಂದರ್ಶನಕ್ಕೆ ನಿರ್ದೇಶಕರ ಜತೆ ಹೊರಗಿನ ಇಬ್ಬರು ಪಂಡಿತರೂ ಬಂದರು. ಅವರು ಬಂದು ಕೋಟು ಬಿಚ್ಚುವುದಕ್ಕೂ ವರದಿಗಳು ನಿಲ್ಲುವುದಕ್ಕೂ ಸರಿಹೋಯಿತು. ಎಲ್ಲ ಲ್ಯಾಬುಗಳಿಂದಲೂ ಎಲ್ಲ ಆಸ್ಪತ್ರೆಗಳಿಗೂ ಒಂದೇ ಒಂದು ವರದಿ ಹೋಗುತ್ತಿಲ್ಲ. ಫೋನುಗಳು ಒಟ್ಟಿಗೆ ಬಡಿದುಕೊಂಡವು. ನಿರ್ದೇಶಕರು ಮೊದಲು ಫೋನಿಂದ ಫೋನಿಗೆ ಓಡಿದರು, ಆಮೇಲೆ ಹೊಳೆಯಿತು, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೇನಿದೆ? ಪಂಡಿತರನ್ನು ಕರೆದುಕೊಂಡು ಬಂದು ಇಬ್ಬರ ಮೇಜುಗಳ ನಡುವೆ ನಿಲ್ಲಿಸಿದರು.

ತಪಸ್ವಿ ಪರದೆ ನೋಡುತ್ತ ಕೂತಿದ್ದ, ಕಣ್ಣೆವೆ ಕೂಡ ಅಲುಗಲಿಲ್ಲ. ಅವಳೂ ಹೆಡ್‌ಫೋನು ಏರಿಸಿ, ಹಾಡು ಹಾಕದೆ ಪರದೆ ನೋಡುತ್ತ ಕೂತಳು. ಪಂಡಿತರು ಉಸಿರು ಬಿಗಿಹಿಡಿದು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದರು. ಯಾರೋ ಕೆಮ್ಮಲು ಹೋದರೆ ನಿರ್ದೇಶಕರು ತುಟಿಯ ಮೇಲೆ ಬೆರಳಿಟ್ಟರು. ಅವಳ ಎದುರಿಗಿನ ದಾಖಲೆಯಲ್ಲಿ ನಿರ್ವಾಹಕ, ನಿರ್ವಾಹಕ, ನಿರ್ವಾಹಕ ಎಂಬ ಸಾವಿರಾರು ಸಾಲು. ಆಸ್ಪತ್ರೆಯ ಕಂಪ್ಯೂಟರಿನ ಬಾಗಿಲಲ್ಲಿ ವರದಿಗೆ ಅನುಮತಿ ಸಿಗುತ್ತಿಲ್ಲ ಎಂಬಷ್ಟು ತಿಳಿಯುತ್ತಿತ್ತು, ಏಕೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ನೋಡುತ್ತ ಹೋದರೆ ಸಂಜೆಯೊಳಗೆ ಸಿಕ್ಕಬಹುದು. ಎದ್ದು ಹೋಗಿ ನಾಲ್ಕು ಜನರನ್ನು ಮಾತಾಡಿಸಿದರೆ ಈಗಲೇ ಸಿಕ್ಕಬಹುದು. ಆದರೆ ಎದ್ದರೆ ಇಷ್ಟು ದಿನದ ತಪಸ್ಸು ಮಣ್ಣುಪಾಲು. ಕೂತಳು. ಬೆನ್ನ ಹಿಂದೆ ಪಂಡಿತರೊಬ್ಬರು, ಎಂಥ ಏಕಾಗ್ರತೆ ಎಂದು ಪಿಸುಗುಟ್ಟಿದ್ದು ಕೇಳಿಸಿತು. ಇನ್ನಷ್ಟು ನೆಟ್ಟಗೆ ಕೂತಳು.

ಆಗ ಪಕ್ಕದ ಮೇಜಿನವರು ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಒಂದು ಲ್ಯಾಬಿನ ಮೇಲ್ವಿಚಾರಕಿ ಮಾತಾಡುತ್ತಿದ್ದದ್ದು ಅವಳ ಕಿವಿಗೆ ಬಿತ್ತು. ಆ ಹೆಂಗಸಿನ ದನಿ ಒಡೆದಿತ್ತು. "ರೋಗೀನ ಟೇಬಲ್ ಮೇಲೆ ಮಲಗಿಸಿದಾರೆ. ರಕ್ತದ ರಿಪೋರ್ಟ್ ಕಾಣ್ದೆ ಡಾಕ್ಟ್ರು ಕೈ ಹಾಕಲ್ಲ ಅಂತಿದಾರೆ. ನಾನು ಫೋನಲ್ಲಿ ಓದಿ ಹೇಳಿದ್ರೆ ನಂಬಲ್ಲ. ಯಾರಾದ್ರೂ ಏನಾದ್ರೂ ಮಾತಾಡ್ರೀ."

ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಒಗೆದು ಎದ್ದಳು. ನಿರ್ದೇಶಕರು ಎಲ್ಲಿಗೆ ಎಂದು ಸನ್ನೆಯಲ್ಲಿ ಕೇಳಿದರು, ಅವಳು ನೋಡಲಿಲ್ಲ. ಮೇಜಿಂದ ಮೇಜಿಗೆ ಹೋಗಿ, ನಿನ್ನೆ ಯಾರು ಏನು ಮುಟ್ಟಿದ್ದಿರಿ ಹೇಳಿಬಿಡಿ, ನಾನು ಯಾರಿಗೂ ಹೇಳುವುದಿಲ್ಲ, ಎಂದಿನಂತೆ ನಾನಿದ್ದೇನೆ ಎಂದು ಕೈಹಿಡಿದು ಕೇಳಿದಳು. ಯಾರೂ ಮುಟ್ಟಿರಲಿಲ್ಲ. ಉಳಿದದ್ದು ಒಂದೇ ಮೇಜು. ತಪಸ್ವಿಯ ಭುಜ ತಟ್ಟಿ, ನೀರು ಕುಡಿಯೋಣ ಬನ್ನಿ ಎಂದಳು. ಅವನು ಎದ್ದು ಹಿಂದೆ ಬಂದ. ಹತ್ತಿರದಿಂದ ನೋಡಿದರೆ ಬಿಳುಚಿಕೊಂಡಿದ್ದ.

"ಹಳೇ ಕೀಲಿ ಅಂದ್ಕೊಂಡು ನಿನ್ನೆ ಒಂದನ್ನ ಅಳಿಸಿದೆ" ಎಂದ, ನೆಲ ನೋಡುತ್ತ. "ಸಂದರ್ಶನಕ್ಕೆ ಮುಂಚೆ ಸ್ವಲ್ಪ ಸ್ವಚ್ಛ ಮಾಡಿಡೋಣ ಅನ್ನಿಸ್ತು."

ಕೀಲಿಯೆಂದರೆ ಉದ್ದನೆಯ ಗುಪ್ತಪದ, ವರದಿ ಆಸ್ಪತ್ರೆಯೊಳಕ್ಕೆ ಹೋಗುತ್ತಿದ್ದದ್ದು ಅದನ್ನು ತೋರಿಸಿಯೇ. ಒಮ್ಮೆ ತೋರಿಸಿದ್ದು ಒಂದು ದಿನ ನಡೆಯುತ್ತಿತ್ತು, ಅದಕ್ಕೇ ನಿನ್ನೆ ಅಳಿಸಿದ್ದರ ಪೆಟ್ಟು ಇವತ್ತು ಬಿದ್ದಿತ್ತು. ಅಂದರೆ ಈ ಮಹಾಶಯನಿಗೆ ಮೊದಲ ಫೋನು ಬಡಿದುಕೊಂಡಾಗಲೇ ಎಲ್ಲ ಗೊತ್ತಿತ್ತು. ಅವಳಿಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಬಂದು ಹೇಳುವುದಕ್ಕೇನಾಗಿತ್ತು ಎಂದು ಕೇಳಿದಳು.

"ನಿಮಗೇ ಹೇಳ್ಬೇಕು ಅಂತ ಆಗಿನಿಂದ ನೋಡ್ತಿದೀನಿ. ನೀವು ಈಗ ಯಾರ ಜತೇನೂ ಮಾತಾಡಲ್ವಲ್ಲ."

ಆ ಮಾತು ಎದೆಗೆ ನಾಟಿತು.  ಓಡಿಹೋಗಿ ಹೊಸ ಕೀಲಿ ಮಾಡಿ, ಆಸ್ಪತ್ರೆಗಳವರ ಜತೆ ಫೋನಿನಲ್ಲಿ ಮಾತಾಡುತ್ತ ಒಂದೊಂದೇ ಬಾಗಿಲು ತೆರೆಸಿದಳು. ಮೊದಲು ಆ ಟೇಬಲ್ ಮೇಲೆ ಮಲಗಿದ್ದವರ ಆಸ್ಪತ್ರೆ, ಆಮೇಲೆ ಉಳಿದವು. ವರದಿ ಬಂತು ಎಂದು ಮೇಲ್ವಿಚಾರಕಿ ಹೇಳಿದಾಗ ಇವಳ ಕಣ್ಣಲ್ಲಿ ನೀರು ಬಂತು, ಅವಳ ಊಟ ಆಯಿತಾ ಎಂದೂ ಕೇಳಿದಳು.

ಸಮಿತಿ ಅವಳನ್ನು ಒಳಗೆ ಕರೆಯಿತು. ದೋಷ ಹೇಗಾಯಿತು ಎಂದು ಕೇಳಿದರು. ಒಂದು ಕೀಲಿ ಅಳಿಸಿಹೋಗಿತ್ತು ಎಂದಳು. ಯಾರು ಅಳಿಸಿದ್ದು? ದಾಖಲೆಯಲ್ಲಿ ನಿರ್ವಾಹಕ ಅಂತಿದೆ ಎಂದಳು. ಅದು ಎಲ್ಲರಿಗೂ ಗೊತ್ತು, ಆದರೆ ನಿಮಗೆ ಯಾವ ಕೀಲಿಯೆಂದು ಅಷ್ಟು ಬೇಗ ಹೇಗೆ ತಿಳಿಯಿತು ಎಂದು ಪಂಡಿತರೊಬ್ಬರು ಕನ್ನಡಕ ಸರಿಮಾಡಿಕೊಂಡರು. ತಪಸ್ವಿಯ ಹೆಸರು ಅವಳ ನಾಲಿಗೆಯ ಮೇಲೇ ಇತ್ತು. ಹೇಳಿದರೆ ಹುದ್ದೆ ಅವಳದೇ, ಅನುಮಾನವೇ ಇಲ್ಲ. ಹೇಳಿದರೆ ನಾಳೆಯಿಂದ ಈ ಕಚೇರಿಯಲ್ಲಿ ಯಾರೂ ಅವಳ ಹತ್ತಿರ ಬಂದು ಗಂಟಲು ಸರಿಮಾಡಿಕೊಳ್ಳುವುದಿಲ್ಲ, ಇದೂ ಅಷ್ಟೇ ಖಂಡಿತ. ಎಲ್ಲರನ್ನೂ ಮಾತಾಡಿಸಿದೆ, ತಿಳಿಯಿತು ಎಂದಳು.

ಪಂಡಿತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದರೆ ಕೇಳಿ ತಿಳಿದುಕೊಂಡದ್ದು, ಇದರಲ್ಲಿ ತಾಂತ್ರಿಕವಾದದ್ದು ಏನಿದೆ? ಇನ್ನೊಬ್ಬ ಅಭ್ಯರ್ಥಿಯ ಸ್ಥೈರ್ಯವನ್ನು ಅವರು ಕಣ್ಣಾರೆ ಕಂಡಿದ್ದರು. ಕಚೇರಿಗೇ ಬೆಂಕಿ ಬಿದ್ದಂತಾಗಿದ್ದಾಗ ಆ ಮನುಷ್ಯ ಅಲುಗಾಡಲಿಲ್ಲ. ಹುದ್ದೆ ತಪಸ್ವಿಗೆ ಹೋಯಿತು. ಅವಳಿಗಾಗಿ ನಿರ್ದೇಶಕರು ಪ್ರೀತಿಯಿಂದ ಒಂದು ಹೊಸ ವಿಭಾಗವನ್ನೇ ಹುಟ್ಟಿಸಿದರು, ಗ್ರಾಹಕ ಸ್ನೇಹ. ಮೇಜು ಬಾಗಿಲಿಗೆ ಇನ್ನೂ ಹತ್ತಿರವಾಯಿತು.

ಭಾವ ಫೋನು ಮಾಡಿ ಛೀಮಾರಿ ಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಬಾಯಿಂದಲೇ ಬರಲಿಲ್ಲ ಎಂದರು. ಕೊನೆಯ ಗಳಿಗೆಯಲ್ಲಿ ತನ್ನ ಬ್ರ್ಯಾಂಡನ್ನು ತಾನೇ ಒಡೆದುಕೊಂಡವರ ಉದಾಹರಣೆಯಾಗಿ ಮುಂದಿನ ತರಗತಿಯಲ್ಲಿ ಅವಳನ್ನು ಬಳಸಿಕೊಳ್ಳುವುದಾಗಿಯೂ, ಹೆಸರು ಹೇಳುವುದಿಲ್ಲವೆಂದೂ ತಿಳಿಸಿದರು. ಅವಳು ಅವರಿಗೆ ತಡೆಯಿಲ್ಲದೆ ಅರ್ಧ ಗಂಟೆ ಉತ್ತರ ಕೊಟ್ಟಳು. ಪಕ್ಕದ ಕೋಣೆಯಲ್ಲಿದ್ದ ಗಂಡ ನೆಮ್ಮದಿಯ ಉಸಿರು ಬಿಟ್ಟ.

ಹೊಸ ಮುಖ್ಯ ಇಂಜಿನಿಯರರಿಗೆ ಸ್ವಾಗತ ಕೋರುವ ಸಭೆ ನಡೆಯಿತು. ಅವಳು ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ನಿಂತಿದ್ದಳು. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳು, ಬೇಕಾದಷ್ಟಿತ್ತು. ನಿರ್ದೇಶಕರು ಹೊಗಳಿ ಮುಗಿಸಿ, ಎರಡು ಮಾತು ಆಡಿ ಎಂದು ತಪಸ್ವಿಯನ್ನು ಮುಂದೆ ತಳ್ಳಿದರು. ಅವನು ಚಾವಣಿ ನೋಡಿದ. ಗಡ್ಡ ಕೆರೆದುಕೊಂಡ. ಎಲ್ಲರೂ ಆ ಒಂದು ಶಬ್ದಕ್ಕೆ ಕಾದರು.

"ಅವತ್ತು ರಿಪೋರ್ಟು ನಿಂತಿದ್ದು ನನ್ನಿಂದ" ಎಂದ. "ಕೀಲಿ ಅಳಿಸಿದ್ದು ನಾನೇ. ಹೆದರ್ಕೊಂಡು ಸುಮ್ನೆ ಕೂತಿದ್ದೆ. ಸರಿ ಮಾಡಿದ್ದು ಅವರು. ಈ ಕೆಲ್ಸ ಅವರಿಗೆ ಕೊಡಿ."

 ನಿರ್ದೇಶಕರು ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದೆಯೇ ಎಲ್ಲರೂ ಎದ್ದರು. ಇಡೀ ತಂಡದ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ದೊಡ್ಡಗುಣ, ಸೋತವರನ್ನು ಮೇಲೆತ್ತುವ ಮನಸ್ಸು, ನಾಯಕನೆಂದರೆ ಇವನು ಎಂದು ನಿರ್ದೇಶಕರು ಕೊಂಡಾಡಿದರು. ನಿಜವಾಗಿಯೂ ನಾನೇ ಎಂದು ಅವನು ಎಷ್ಟು ಸಲ ಹೇಳಿದನೋ ಚಪ್ಪಾಳೆ ಅಷ್ಟು ಜೋರಾಯಿತು. ಕೊನೆಗೆ ಅವನು ದಿಕ್ಕುಗೆಟ್ಟು ಹಿಂದಿನ ಸಾಲಿನತ್ತ ಕೈ ತೋರಿಸಿ, "ಬೇಕಾದ್ರೆ ಅವರನ್ನ ಕೇಳಿ" ಎಂದ.

ಎಲ್ಲರೂ ತಿರುಗಿದರು. ಅವನೇ ಬಾಯಿಬಿಟ್ಟ ಮೇಲೆ ಅವಳು ಮುಚ್ಚಿಡುವುದೇನೂ ಉಳಿದಿರಲಿಲ್ಲ. "ಹೌದು, ಅವರೇ ಅಳಿಸಿದ್ದು. ಅವತ್ತೇ ನನಗೆ ಹೇಳಿದ್ರು" ಎಂದಳು.

ಚಪ್ಪಾಳೆ ಪಟ್ಟನೆ ನಿಂತಿತು. ಒಬ್ಬರು ಮುಖ ಸಿಂಡರಿಸಿದರು, ಇನ್ನೊಬ್ಬರು ತಲೆ ತಗ್ಗಿಸಿ ಫೋನು ನೋಡಿದರು. ಸಭೆ ಮುಗಿದ ಮೇಲೆ ನಿರ್ದೇಶಕರು ಅವಳನ್ನು ಪಕ್ಕಕ್ಕೆ ಕರೆದು, ಎಂದಿನ ಮೃದುದನಿಯಲ್ಲಿ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ನಾಲ್ಕು ಜನರೆದುರು ಹಾಗೆ ಹೇಳಬಾರದಿತ್ತು ಎಂದರು. ಅವರು ನಿಮ್ಮನ್ನು ಅಷ್ಟು ಎತ್ತಿ ಹೇಳಿದರು, ನೀವು ಅವರನ್ನು ಕೆಳಕ್ಕೆ ಎಳೆದಿರಿ. ಅವರನ್ನು ನೋಡಿ ಕಲಿಯಿರಿ ಎಂದು ಬೆನ್ನು ಸವರಿದರು.

ಅವಳು ನೀರು ಕುಡಿಯಲು ಹೋದಳು. ಅಲ್ಲಿ ಹೊಸ ಮುಖ್ಯ ಇಂಜಿನಿಯರ್ ಖಾಲಿ ಲೋಟ ಹಿಡಿದು ನಿಂತಿದ್ದ. ಅಳು ಬರುವ ಹಾಗಿತ್ತು ಅವನ ಮುಖ.

"ನಾನು ನಿಜಾನೇ ಹೇಳಿದೆ" ಎಂದ. "ಎಲ್ಲಾ ನಿಜ. ಯಾಕೆ ಯಾರೂ ನಂಬ್ಲಿಲ್ಲ?"

ಅವಳು ಅವನ ಲೋಟ ತೆಗೆದುಕೊಂಡು ನೀರು ತುಂಬಿಸಿ ಕೈಗೆ ಕೊಟ್ಟಳು.

"ನನಗೆ ಅಭ್ಯಾಸ ಆಗಿದೆ" ಎಂದಳು. "ನೀವೂ ಅಭ್ಯಾಸ ಮಾಡ್ಕೊಳ್ಳಿ."